ಓನ್ ಮೇಗೆ ಹೇಳಿಕೊಟ್ಟದ್ದು

ನೀರಿನ ಎಳೆ ಕಡಿಯಿತು, ಮತ್ತೆ ಕೂಡಿತು, ಮತ್ತೆ ಕಡಿಯಿತು — ಸಾನ್ ಲ್ವಿನ್‌ನ ಕೈ ನಡುಗುತ್ತಿದೆ, ಗಿಂಡಿಯ ಮೂತಿಯಿಂದ ಹಿತ್ತಾಳೆಯ ಬಟ್ಟಲಿಗೆ ಒಂದೇ ಧಾರೆಯಾಗಿ ಇಳಿಯಬೇಕಾದ ನೀರು ಟಪ್ ಟಪ್ ಎಂದು ಹನಿಯುತ್ತಿದೆ, ಇವನ ಕೈ ಮೊದಲಿನಿಂದಲೂ ಹೀಗೆಯೇ, ಮದುವೆಯ ದಿನ ಇಬ್ಬರ ಅಂಗೈಗಳನ್ನೂ ಜೋಡಿಸಿ ಬೆಳ್ಳಿ ಬಟ್ಟಲಿನ ನೀರಿನಲ್ಲಿ ಅದ್ದಿದಾಗಲೂ ನಡುಗಿತ್ತು, ಆಗ ಮ್ಯ ಯಿನ್ ಅದನ್ನು ಪ್ರೀತಿ ಎಂದುಕೊಂಡಿದ್ದಳು, ಇಪ್ಪತ್ತೆರಡರ ಹುಡುಗಿ, ಅವಳಿಗೇನು ಗೊತ್ತು — ಈಗ ಅವನು ಪುಣ್ಯದ ನೀರು ಸುರಿಯುತ್ತಿರುವುದು ಎರಡನೆಯ ಹೆಂಡತಿಯ ಹೆಸರಿನಲ್ಲಿ, ಓನ್ ಮೇ ಸತ್ತು ಇಂದಿಗೆ ಏಳನೆಯ ದಿನ, ಮೊದಲನೆಯ ಹೆಂಡತಿ ಹೆಂಗಸರ ಸಾಲಿನಲ್ಲಿ, ಕಂಬದ ಪಕ್ಕ, ಕಾಲನ್ನು ಒಂದು ಬದಿಗೆ ಮಡಚಿ ಕೈಮುಗಿದು ಕೂತಿದ್ದಾಳೆ, ಊರಿಗೆ ಊರೇ ಇದನ್ನು ನೋಡಲಿಕ್ಕೆಂದೇ ಬಂದಂತಿದೆ. ಐವರು ಭಿಕ್ಷುಗಳ ಊಟವಾಗಿದೆ, ಹುರಿದ ಬೆಳ್ಳುಳ್ಳಿಯ ವಾಸನೆ ಚಾಪೆಯ ಮೇಲೆ ಇನ್ನೂ ಸುಳಿಯುತ್ತಿದೆ, ಅದರ ಕೆಳಗೆ ಈ ಮನೆಯ ಹಳೆಯ ವಾಸನೆ, ರಬ್ಬರ್ ಹಾಲಿನ ಹುಳಿ, ಎಷ್ಟು ಗುಡಿಸಿದರೂ ಹೋಗದ್ದು — ಅಗಲಿದವಳಿಗೆ ಈ ಪುಣ್ಯ ಸೇರಲಿ, ಕೇಳಿಸಿಕೊಂಡವರಿಗೆಲ್ಲ ಸೇರಲಿ, ಸಾಧು, ಸಾಧು, ಸಾಧು, ಮ್ಯ ಯಿನ್‌ಳ ಬಾಯಿಯೂ ಹೇಳಿತು, ಹುಟ್ಟಿದಂದಿನಿಂದ ಹೇಳುತ್ತ ಬಂದ ಬಾಯಿ, ಒಬ್ಬ ಸುರಿಯುತ್ತಾನೆ, ಎಲ್ಲರೂ ಪಡೆಯುತ್ತಾರೆ, ಸುರಿದವನದು ಕಡಿಮೆಯಾಗುವುದಿಲ್ಲ, ಇಂಥ ಮಾತನ್ನು ಐವತ್ತು ವರ್ಷ ಆಡಿಯೂ ಅದು ಒಂದು ದಿನವಾದರೂ ತನ್ನ ಕಿವಿಗೆ ಬಿದ್ದಿತ್ತೇ, ಇಲ್ಲ. ಸಯಾಡೋ ಮುಖದ ಮುಂದೆ ಹಿಡಿದಿದ್ದ ಬೀಸಣಿಗೆಯನ್ನು ಕೆಳಗಿಟ್ಟರು, ಎಂಬತ್ತರ ಹಿರಿಯ ಭಿಕ್ಷು, ಈ ದಂಡೆಗೂ ಆ ದಂಡೆಗೂ ಅವರೇ ಗುರು, ಇನ್ನು ಉಪದೇಶ ಶುರುವಾಗಬೇಕು, ಎಲ್ಲರೂ ಸೊಂಟ ನೆಟ್ಟಗೆ ಮಾಡಿಕೊಂಡರು — ಇವತ್ತು ನಾನು ಮಾತಾಡಲ್ಲ, ಎಂದರು ಸಯಾಡೋ, ಮ್ಯ ಯಿನ್ ಎಲ್ಲಿ ಕೂತಿದ್ದಾಳೆ, ಹಾಂ, ಕಂಬದ ಹಿಂದೆ ಅಡಗಿದ್ದೀಯಾ, ಓನ್ ಮೇಗೆ ಏನು ಹೇಳಿಕೊಟ್ಟೆಯೋ ಅದನ್ನ ಇವರಿಗೂ ಹೇಳು, ನನಗೂ ಕೇಳಬೇಕು. ಮ್ಯ ಯಿನ್ ಕಂಬಕ್ಕೆ ಇನ್ನಷ್ಟು ಒತ್ತಿ ಕೂತಳು, ಎದುರು ಸಾಲಿನಲ್ಲಿ ವೀಳ್ಯ ಅಗಿಯುತ್ತಿದ್ದ ಮುದುಕಿ ಪಕ್ಕದವಳ ಕಡೆ ಬಾಗಿದಳು, ಪಿಸುಮಾತು ಎಂದುಕೊಂಡೇ ಎಲ್ಲರಿಗೂ ಕೇಳುವಂತೆ, ಸವತಿ ಉಪದೇಶ ಅಂತೆ ಕಣೇ, ಕೇಳೋಣ ಕೇಳೋಣ, ಇದು ನಾಟಕಕ್ಕಿಂತ ಚೆನ್ನಾಗಿರತ್ತೆ.

ಹೇಳು ಎಂದರೆ ಎಲ್ಲಿಂದ ಹೇಳುವುದು, ಉಸಿರಿನಿಂದಲೇ, ನೋವಿನಿಂದಲೇ, ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬಿದ್ದ ನೆರಳಿನಿಂದಲೇ — ಹದಿನೇಳು ದಿನದ ಹಿಂದೆ, ನದಿಯ ಆಚೆ ಮೌಲಮೈನ್ ಪೇಟೆಯಲ್ಲಿ, ವಿಹಾರದ ಬೀದಿಯಲ್ಲಿ, ಅವಳು ಭಿಕ್ಷುಗಳ ಕಾವಿಬಟ್ಟೆ ಚೀವರದ ತುಂಡುಗಳನ್ನು ಜೋಡಿಸಿ ಯಂತ್ರ ತುಳಿಯುತ್ತಿದ್ದಾಳೆ, ಬಟ್ಟೆಯ ಮೇಲೆ ನೆರಳು ಬಿತ್ತು, ತಲೆಯೆತ್ತುವ ಮೊದಲೇ ಮೂಗಿಗೆ ತಿಳಿಯಿತು, ರಬ್ಬರ್ ಹಾಲಿನ ಹುಳಿ, ಹತ್ತೊಂಬತ್ತು ವರ್ಷದ ಮೇಲೆ ಸಾನ್ ಲ್ವಿನ್, ತಲೆ ಬೆಳ್ಳಗಾಗಿದೆ, ಲುಂಗಿಯ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಾನೆ, ಊಟ ಆಯ್ತಾ, ಅಂದ. ಹತ್ತೊಂಬತ್ತು ವರ್ಷದ ಮೇಲೆ ಮೊದಲ ಮಾತು, ಊಟ ಆಯ್ತಾ. ನದಿಯ ನಡುವಿನ ಈ ದ್ವೀಪದಲ್ಲಿದ್ದ ತನ್ನ ಸೋದರಮಾವನ ರಬ್ಬರ್ ಕೊಟ್ಟಿಗೆಗೆ ಎರಡು ತಿಂಗಳ ಕೆಲಸಕ್ಕೆಂದು ಹೋದವನು, ಬಣ್ಣದ ರಬ್ಬರ್ ಹಾಲಿಗೆ ಕೋಲು ಅದ್ದಿ ಒಣಗಿಸಿ ರಬ್ಬರ್ ಬ್ಯಾಂಡಿಗೆಂದು ಉಂಗುರ ಉಂಗುರವಾಗಿ ಕತ್ತರಿಸುವ ಕೆಲಸ, ಕತ್ತರಿಸುತ್ತಿದ್ದವಳು ಓನ್ ಮೇ, ಅಲ್ಲೇ ಉಳಿದುಬಿಟ್ಟ, ಆ ಮನೆಯಲ್ಲೂ ತೊಟ್ಟಿಲು ತೂಗಲಿಲ್ಲ ಎಂದು ಯಾರೋ ಸುದ್ದಿ ತಂದಾಗ ಮ್ಯ ಯಿನ್ ಅಂದು ಒಂದು ತುತ್ತು ಹೆಚ್ಚೇ ಉಂಡಿದ್ದಳು, ಅದು ನೆನಪಿದೆ, ಅದನ್ನೂ ಹೇಳಬೇಕೇ ಇವರಿಗೆ — ಊಟ ಆಯ್ತು, ಅಂದಳು, ಅವನು ನೆಲ ನೋಡುತ್ತ, ಓನ್ ಮೇಗೆ ಹೊಟ್ಟೇಲಿ ಗಡ್ಡೆ, ಡಾಕ್ಟರು ಮನೆಗೆ ಕಳಿಸಿಬಿಟ್ರು, ನಿನ್ನ ನೋಡ್ಬೇಕಂತೆ, ಸಯಾಡೋ ಹತ್ರ ನೋವು ತಡೆಯೋದು ಹೇಗೆ ಅಂತ ಕೇಳಿದ್ಳು, ಅವರು ನೋವಿನ ವಿಷಯ ನನಗಿಂತ ಆ ಚೀವರ ಹೊಲಿಯೋಳಿಗೆ ಚೆನ್ನಾಗಿ ಗೊತ್ತು, ಅವಳನ್ನ ಕೇಳು ಅಂದ್ರಂತೆ. ಒಳಗಿನಿಂದ ತಂಗಿ ತಾನ್ ನು ಬಂದಳು, ಕೈಯಲ್ಲಿ ಸೌಟು, ಗಂಡನ್ನ ತಗೊಂಡ್ಳು, ನಿನ್ನ ಮದುವೆ ರೇಷ್ಮೆ ಲುಂಗೀನೂ ತರಿಸಿಕೊಂಡ್ಳು, ಈಗ ನಿಬ್ಬಾಣ, ಆ ಮೋಕ್ಷಾನೂ ಬೇಕಂತಾ ಅವಳಿಗೆ, ಮಡಚಿ ಚೀಲಕ್ಕೆ ಹಾಕಿ ಕೊಟ್ಟುಬಿಡು ಅಕ್ಕ, ಇವನೇ ಹೊತ್ಕೊಂಡು ಹೋಗ್ಲಿ. ಅವನು ಲುಂಗಿಯ ಗಂಟು ಬಿಚ್ಚಿ ಕಟ್ಟಿದ. ತಾನ್ ನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಮ್ಯ ಯಿನ್‌ಳ ಬಳಿ ಇದ್ದದ್ದು ಅದೊಂದೇ, ಯಾರೂ ಕಿತ್ತುಕೊಳ್ಳಲಾಗದ್ದು, ಒಂಬತ್ತು ವರ್ಷ ಬೆಳಗ್ಗೆ ಸಂಜೆ ವಿಹಾರದ ಚಾಪೆಯ ಮೇಲೆ ಧ್ಯಾನಕ್ಕೆ ಕೂತು ಕೂತು ಸಿಕ್ಕದ್ದು, ಎರಡು ವರ್ಷದ ಹಿಂದಿನ ಬೇಸಿಗೆಯ ಮಧ್ಯಾಹ್ನ, ಮಂಡಿಯೊಳಗೆ ಕೆಂಡ ಇಟ್ಟಂಥ ನೋವು, ಕದಲಬಾರದು, ನೋಡು ನೋಡು ಎಂದು ನೋಡುತ್ತಿದ್ದವಳಿಗೆ ಮಂಡಿ ಕರಗಿ ನೋವಷ್ಟೇ ಉಳಿಯಿತು, ನೋವು ಕರಗಿ ಮಿಡಿತವಷ್ಟೇ ಉಳಿಯಿತು, ಮಿಡಿತವೂ ಒಂದಲ್ಲ, ಒಂದು ಸತ್ತ ಮೇಲೆ ಇನ್ನೊಂದು, ಯಂತ್ರದ ಸೂಜಿ ಬಟ್ಟೆಗೆ ಇಳಿದು ಎದ್ದು ಇಳಿದು ಎದ್ದು, ನಡುವೆ ದಾರವಿಲ್ಲ, ಏನೂ ಇಲ್ಲ, ಆಮೇಲೆ ಆದದ್ದಕ್ಕೆ ಅವಳಲ್ಲಿ ಮಾತಿಲ್ಲ, ಕಣ್ಣು ತೆರೆದಾಗ ಹೊರಗೆ ಕಾಗೆ ಕೂಗುತ್ತಿತ್ತು, ಆ ಕೂಗು ಯಾರಿಗೂ ಸೇರಿದ್ದಾಗಿರಲಿಲ್ಲ, ಅವಳು ಅಳುತ್ತಿದ್ದಳು, ದುಃಖವಿರಲಿಲ್ಲ. ಸಯಾಡೋಗೆ ಮಾತ್ರ ಹೇಳಿದ್ದಳು, ಅವರು ಕನ್ನಡಕ ಒರೆಸುತ್ತ ಎಲ್ಲ ಕೇಳಿ, ಹೂಂ, ಹೊಸ ಭಿಕ್ಷುಗಳ ಚೀವರ ಹೊಲಿದಾಯ್ತಾ, ಅಂದರು, ಮತ್ತೆ, ನಾಳೆಯಿಂದ ಹೊಸ ಹೆಂಗಸರಿಗೆ ನೀನೇ ಹೇಳಿಕೊಡು. ನಾನು ನಾಲ್ಕನೇ ಕ್ಲಾಸು ಓದಿದೋಳು ಭಂತೆ. ನೋವು ನೋಡೋಕೆ ಎಷ್ಟನೇ ಕ್ಲಾಸು ಬೇಕು. ಆದರೂ ಒಪ್ಪಿರಲಿಲ್ಲ, ಎರಡು ವರ್ಷ, ವಿನಯ ಎಂದುಕೊಂಡರು ಜನ, ವಿನಯವಲ್ಲ, ಜಿಪುಣತನ, ಹಂಚಿಬಿಟ್ಟರೆ ತನ್ನದು ಎಂದು ಉಳಿಯುವುದೇನು, ಹಂಡೆಯಲ್ಲಿಟ್ಟು ಹೂತ ಚಿನ್ನದ ಮೇಲೆ ಹಾವು ಸುತ್ತಿಕೊಂಡ ಹಾಗೆ ಅದರ ಮೇಲೆ ಕೂತಿದ್ದಳು.

ಹೋದಳು, ಏಕೆ ಹೋದಳೋ, ಸವತಿ ಒದ್ದಾಡುವುದನ್ನು ನೋಡಬೇಕೆಂದೂ ಇದ್ದೀತು, ಇಲ್ಲವೆಂದು ಹೇಗೆ ಹೇಳುವುದು, ದೋಣಿಯಲ್ಲಿ ಒಂದು ಗಂಟೆ, ಸಾನ್ ಲ್ವಿನ್ ಮೂತಿಯ ಕಡೆ, ಅವಳು ಬಾಲದ ಕಡೆ, ನಡುವೆ ತೆಂಗಿನಕಾಯಿ ಮೂಟೆಗಳು — ಇದೇ ಕೋಣೆ, ಈಗ ಭಿಕ್ಷುಗಳು ಕೂತಿರುವಲ್ಲೇ ಚಾಪೆ, ಚಾಪೆಯ ಮೇಲೆ ಓನ್ ಮೇ, ಹತ್ತೊಂಬತ್ತು ವರ್ಷ ಅವಳು ದ್ವೇಷಿಸಿದ್ದು ದುಂಡು ತೋಳಿನ, ಕೆನ್ನೆಗೆ ಚಂದನ ಬಳಿದುಕೊಂಡು ನಗುವ ಒಬ್ಬಳನ್ನು, ಚಾಪೆಯ ಮೇಲಿದ್ದದ್ದು ಒಣಗಿದ ಸೋರೆಬಳ್ಳಿ, ಹೊಟ್ಟೆ ಮಾತ್ರ ದೊಡ್ಡದು, ಬಸುರಿಯ ಹಾಗೆ, ಅಯ್ಯೋ. ಅಕ್ಕ ಬಂದ್ರಾ, ಎಂದಳು ಓನ್ ಮೇ, ಅಕ್ಕ ಎಂದಳು, ಕ್ಷಮಿಸಿ ಅನ್ನಲಿಲ್ಲ, ಅದಕ್ಕೆಲ್ಲ ಅವಳಿಗೆ ಹೊತ್ತಿರಲಿಲ್ಲ, ಸಾಯೋಕೆ ಹೆದರಿಕೆ ಇಲ್ಲ ಅಕ್ಕ, ನೋವಿಗೆ ಹೆದರಿಕೆ, ನೋವು ಬಂದಾಗ ನಾನು ನಾಯಿ ಹಾಗೆ ಕೂಗ್ತೀನಿ, ಕೂಗ್ತಾ ಕೂಗ್ತಾ ಸತ್ರೆ ನಾಯಿಯಾಗೇ ಹುಟ್ಟತೀನೇನೋ, ನಿಮಗೇನೋ ಗೊತ್ತಂತೆ, ಹೇಳಿಕೊಡ್ತೀರಾ. ಹೇಳಿಕೊಟ್ಟಳು, ಉಸಿರು ಒಳಗೆ ಬಂದಾಗ ಬಂತು ಅಂದ್ಕೋ, ಹೊರಗೆ ಹೋದಾಗ ಹೋಯ್ತು ಅಂದ್ಕೋ, ಅಷ್ಟೇನಾ ಅಕ್ಕ, ಅಷ್ಟೇ. ಶಾಲೆಯ ಮಕ್ಕಳಿಗೆ ರಜೆಯಲ್ಲಿ ಹೇಳಿಕೊಡುವಷ್ಟು. ಓನ್ ಮೇ ಆಗಲಿ ಎಂದು ತಲೆಯಾಡಿಸಿದಳು, ಅನುಮಾನವೇ ಇಲ್ಲದೆ, ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು — ತಿರುಗಿ ಹೋಗುವಾಗ ದೋಣಿಯಲ್ಲಿ ಮ್ಯ ಯಿನ್ ಮುಖ ತಗ್ಗಿಸಿ ಕೂತಳು, ಮನೆಗೆ ಬಂದ ಹಸಿದವಳಿಗೆ ಗಂಜಿಯ ತಿಳಿ ಬಸಿದು ಕೊಟ್ಟು ಅನ್ನವನ್ನು ಮುಚ್ಚಳದ ಕೆಳಗಿಟ್ಟು ಬಂದವಳ ಹಾಗೆ, ಅದೂ ಯಾವ ಅನ್ನ, ತಾನು ಬೆಳೆದದ್ದೂ ಅಲ್ಲ, ಸಯಾಡೋ ಕೊಟ್ಟದ್ದು, ಸಯಾಡೋಗೆ ಅವರ ಗುರು ಕೊಟ್ಟದ್ದು, ಎಷ್ಟು ಕೈ ದಾಟಿ ಬಂದದ್ದು, ಒಬ್ಬನಾದರೂ ಇದು ನನ್ನದು ಎಂದು ಮುಷ್ಟಿ ಕಟ್ಟಿದ್ದರೆ ತನ್ನವರೆಗೆ ಬರುತ್ತಿತ್ತೇ, ಎರಡೂವರೆ ಸಾವಿರ ವರ್ಷ, ಅಷ್ಟೂ ಜನ ಕೈ ಬಿಚ್ಚಿದ್ದಾರೆ, ಗೊತ್ತಿಲ್ಲದ ಮುಖಗಳು, ಒಬ್ಬರ ಹಿಂದೆ ಒಬ್ಬರು, ನದಿಯ ಮೇಲೆ ಬಿಸಿಲು ಚೂರು ಚೂರಾಗಿ ಹೊಳೆಯುತ್ತಿತ್ತು, ಆ ಸಾಲಿನ ತುದಿಯಲ್ಲಿ ತಾನೊಬ್ಬಳು, ಮುಷ್ಟಿ ಕಟ್ಟಿಕೊಂಡು, ಎಷ್ಟು ಸಣ್ಣವಳು ನಾನು, ಎಷ್ಟು ಸಣ್ಣವಳು.

ಮರುದಿನ ಬೆಳಗಿನ ಮೊದಲ ದೋಣಿಗೆ ಹೊರಟಳು, ತಾನ್ ನು ಬುತ್ತಿ ಕಟ್ಟಿಕೊಟ್ಟಳು, ಬೈಯುತ್ತಲೇ, ಅಲ್ಲಿ ಅವನ ಕೈಯಡುಗೆ ಉಣ್ಣಬೇಡ, ಉಪ್ಪು ಹಾಕೋದು ಮರೆತಿರ್ತಾನೆ. ಚಾಪೆಯ ಪಕ್ಕ ಕೂತು ಓನ್ ಮೇಯ ಕಡೆ ನೋಡದೆ ಶುರು ಮಾಡಿದಳು, ನಿನ್ನೆ ನಾನು ಎಲ್ಲ ಹೇಳಲಿಲ್ಲ, ಬೇಕೂಂತಲೇ ಹೇಳಲಿಲ್ಲ, ಇವತ್ತು ಹೇಳ್ತೀನಿ — ಮತ್ತೆ ಹೇಳಿದಳು, ನೋವು ಬಂದಾಗ ಹೋಗು ಅನ್ನಬೇಡ, ನನ್ನ ನೋವು ಅನ್ನಬೇಡ, ಎಲ್ಲಿ ಶುರುವಾಗತ್ತೆ ನೋಡು, ಎಲ್ಲಿ ಮುಗಿಯತ್ತೆ ನೋಡು, ದೊಡ್ಡ ನೋವು ಅಂತ ಒಂದಿಲ್ಲ, ಚಿಕ್ಕ ಚಿಕ್ಕದು ಸಾವಿರ ಇದೆ, ಒಂದೊಂದೂ ಮುಗಿಯತ್ತೆ, ನೀನು ಆ ಮುಗಿಯೋದನ್ನ ಹಿಡಿ, ಮುಗಿಯದೇ ಇರೋದು ಒಂದೂ ಇಲ್ಲ, ನಾನು ಹುಡುಕಿದೀನಿ. ನಿಮಗೂ ಇಷ್ಟು ನೋವಿತ್ತಾ ಅಕ್ಕ. ಮಂಡಿ ನೋವಿತ್ತು, ಅದಕ್ಕಿಂತ ಮೊದಲು ಬೇರೆ ಇತ್ತು, ಮೊದಲ ಮೂರು ವರ್ಷ ಕಣ್ಣು ಮುಚ್ಚಿದ್ರೆ ಉಸಿರೇ ಸಿಗ್ತಿರ್ಲಿಲ್ಲ, ಬರೀ ಸಿಟ್ಟು, ಎದೇಲಿ ಉರಿ, ಅದನ್ನೇ ನೋಡ್ತಾ ಕೂತಿದ್ದೆ, ಆ ಸಿಟ್ಟಿಗೆ ನಿನ್ನ ಮುಖ ಇತ್ತು. ಹೇಳಿಬಿಟ್ಟಳು, ಇನ್ನು ನುಂಗುವಂತಿಲ್ಲ, ಅಂಗಳದಲ್ಲಿ ಸಾನ್ ಲ್ವಿನ್ ರಬ್ಬರ್ ಕತ್ತರಿಸುವ ಸದ್ದು ನಿಂತಿತು, ಓನ್ ಮೇ ಕಣ್ಣರಳಿಸಿ ನೋಡಿದಳು, ತುಟಿ ನಡುಗಿತು, ಅಳುತ್ತಾಳೆ ಎಂದುಕೊಂಡರೆ ನಗು, ಹೊಟ್ಟೆ ಹಿಡಿದುಕೊಂಡು, ನೋವಾಗುತ್ತಿದ್ದರೂ ತಡೆಯಲಾರದ ನಗು, ಮೂರು ವರ್ಷ ನನ್ನನ್ನೇ ನೋಡ್ತಾ ಕೂತಿದ್ರಾ ಅಕ್ಕ, ಈ ಮಹಾರಾಯ ಮೂರು ದಿನ ನೋಡ್ಲಿಲ್ಲ. ಮ್ಯ ಯಿನ್ ಕೂಡ ನಕ್ಕಳು, ಬಾಯಿಗೆ ಕೈಯೊತ್ತಿ ಅಲ್ಲ, ಬಾಯ್ಬಿಟ್ಟು, ಅಂಗಳದ ಮನುಷ್ಯ ಕೆಮ್ಮಿದ, ಇನ್ನೂ ನಗು ಬಂತು, ಹತ್ತೊಂಬತ್ತು ವರ್ಷ ಹೊತ್ತದ್ದು ಯಾವ ಕ್ಷಣದಲ್ಲಿ ಇಳಿಯಿತೋ ತಿಳಿಯಲಿಲ್ಲ, ಹುಡುಕಿದರೆ ಇರಲಿಲ್ಲ, ಅಷ್ಟೇ. ಆಮೇಲಿಂದ ದಿನವೂ, ದಿನಕ್ಕೆ ಎರಡು ಸಲ, ಕೊನೆಗೆ ರಾತ್ರಿ ಹಿಂತಿರುಗುವುದನ್ನೂ ಬಿಟ್ಟು ಇಲ್ಲೇ ಉಳಿದಳು. ಐದನೆಯ ದಿನ ಓನ್ ಮೇಗೆ ಮಾತಾಡುವ ಶಕ್ತಿ ಅಷ್ಟಾಗಿ ಉಳಿದಿರಲಿಲ್ಲ, ನೋವನ್ನು ನೋಡುತ್ತಿದ್ದಾಳೋ ನಿದ್ದೆಯೋ ತಿಳಿಯದು, ಒಂದು ಕೆಲಸ ಮಾಡು, ಎಂದಳು ಮ್ಯ ಯಿನ್, ಒಂದು ಮುಗಿದದ್ದು ಕಂಡ ಕೂಡಲೇ ಬೆರಳು ಎತ್ತು, ಇಳಿಸು, ಇನ್ನೊಂದು ಕಂಡರೆ ಮತ್ತೆ ಎತ್ತು. ಬಲಗೈಯ ತೋರುಬೆರಳು, ಉಗುರಿನ ಕೆಳಗೆ ರಬ್ಬರ್ ಕತ್ತರಿಸುವ ಅಲಗು ತಾಕಿದ ಹಳೆಯ ಗಾಯದ ಗೆರೆ, ಚಾಪೆಯಂಚಿನಲ್ಲಿ ಬಿದ್ದಿತ್ತು, ಬಹಳ ಹೊತ್ತು ಏನೂ ಇಲ್ಲ, ನೋವು ಬಂತು, ಹುಬ್ಬು ಗಂಟಾಯಿತು, ಕೂಗುತ್ತಾಳೆ ಎಂದುಕೊಂಡಳು ಮ್ಯ ಯಿನ್, ಬೆರಳು ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಬೀಳುವ ಹಾಗೆ, ಆಮೇಲೆ ಲೆಕ್ಕಕ್ಕೆ ಸಿಗದಷ್ಟು ಬೇಗ, ಬೆರಳು ಎಂಬುದೇ ಕಾಣದೆ ಅದಿರಾಟ ಒಂದೇ ಕಾಣುವಷ್ಟು, ಮುಖದ ಗಂಟು ಬಿಚ್ಚಿಕೊಂಡಿತು, ಬೆರಳು ನಿಂತಿತು, ಕೋಣೆಯೊಳಗೆ ಯಾವುದೋ ನಿಂತಿತು, ಎಷ್ಟು ಹೊತ್ತೋ — ಕಣ್ಣು ತೆರೆದು ಓನ್ ಮೇ ತೊಲೆಯನ್ನೋ ತೊಲೆಯಾಚೆಯನ್ನೋ ನೋಡುತ್ತ, ಗಾಳಿಯಷ್ಟು ಸಣ್ಣಗೆ, ಅಕ್ಕ, ನೋಡ್ತಿರೋಳೂ ಹೋಗ್ತಾಳಲ್ಲ, ಜೊತೆಗೇ. ಇದನ್ನು ಮ್ಯ ಯಿನ್ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ಬರುವುದೂ ಇಲ್ಲ, ಒಂಬತ್ತು ವರ್ಷ ಕೂತ ಮೇಲೆ ಆ ಬೇಸಿಗೆಯ ಮಧ್ಯಾಹ್ನ ಮಾತಿಗೆ ಸಿಗದೆ ಹೋದದ್ದು ಇದೇ, ಇದೇ ಮಾತು, ಐದು ದಿನದಲ್ಲಿ, ರಬ್ಬರ್ ಕತ್ತರಿಸುತ್ತಿದ್ದವಳು, ಕಳ್ಳಿ ಎಂದು ತಾನು ಕರೆದವಳು, ಬಾಯಿ ತೆರೆದು ಎಷ್ಟು ಸಲೀಸಾಗಿ ಆಡಿಬಿಟ್ಟಳು, ತಾನು ಹಂಡೆಯಲ್ಲಿ ಹೂತಿಟ್ಟಿದ್ದೆ ಎಂದುಕೊಂಡದ್ದು ಅವಳ ಚಾಪೆಯ ಕೆಳಗೂ ಇತ್ತು, ಎಲ್ಲರ ಚಾಪೆಯ ಕೆಳಗೂ ಇದೆ, ತಾನು ಕೊಟ್ಟದ್ದು ಏನನ್ನು, ಏನನ್ನೂ ಅಲ್ಲ, ಅಡ್ಡ ಕೂತಿದ್ದವಳು ಎದ್ದು ಪಕ್ಕಕ್ಕೆ ಸರಿದಳು, ಅಷ್ಟು. ತನಗೆ ತಿಳಿಯುವ ಮೊದಲೇ ಅವಳ ಅಂಗೈಗಳು ಕೂಡಿದ್ದವು, ಹಣೆ ಚಾಪೆಗೆ ತಾಕಿತ್ತು, ಒಮ್ಮೆ, ಎರಡು, ಮೂರು, ಹಿರಿಯಳು ಕಿರಿಯಳಿಗೆ, ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತ ಸಾನ್ ಲ್ವಿನ್ ಒಳಗೆ ಬರಲೂ ಇಲ್ಲ, ತಿರುಗಿ ಹೋಗಲೂ ಇಲ್ಲ.

ಇದನ್ನೆಲ್ಲ ಹೇಗೆ ಹೇಳುವುದು, ಉಸಿರಿನದಷ್ಟು ಹೇಳಿ ಕೂತುಬಿಡಬಹುದು, ಯಾರೂ ತಪ್ಪೆನ್ನರು, ಸಯಾಡೋ ಕಾಯುತ್ತಿದ್ದಾರೆ, ಅವಸರವಿಲ್ಲದ ಮುಖ, ಸಾನ್ ಲ್ವಿನ್ ಖಾಲಿ ಗಿಂಡಿ ಹಿಡಿದುಕೊಂಡೇ ಕೂತಿದ್ದಾನೆ, ಮುದುಕಿ ಅಗಿಯುವುದನ್ನು ನಿಲ್ಲಿಸಿದ್ದಾಳೆ — ಮ್ಯ ಯಿನ್ ಕಂಬ ಬಿಟ್ಟು ಮುಂದೆ ಬಂದು ಕೂತಳು, ಬಾಯಿ ತೆರೆಯಿತು, ಮೊದಲು ನಾನು ಇವಳಿಗೆ ಮೋಸ ಮಾಡಿದೆ, ಎಂದಿತು ಬಾಯಿ, ತನ್ನದೇ ದನಿ, ಎಲ್ಲಿಂದಲೋ, ಎರಡು ವರ್ಷ ನಾನು ಎಲ್ಲರಿಗೂ ಮೋಸ ಮಾಡಿದೆ, ನನಗೆ ಒಂಚೂರು ಗೊತ್ತಿತ್ತು, ಬಚ್ಚಿಟ್ಟುಕೊಂಡಿದ್ದೆ, ಇವಳ ಮನೇಲಿ ಮಗು ಹುಟ್ಟಲಿಲ್ಲ ಅಂದಾಗ ನನಗೆ ಸಂತೋಷ ಆಗಿತ್ತು, ಅದನ್ನೂ ಹೇಳಿಬಿಡ್ತೀನಿ. ಹೆಂಗಸರ ಸಾಲು ಕದಲಿತು, ಯಾರೋ ಸ್ಸ್ ಎಂದರು, ಸಾನ್ ಲ್ವಿನ್ ತಲೆ ತಗ್ಗಿಸಿದ, ಎತ್ತಿದ, ನೋಡಿದ, ಹತ್ತೊಂಬತ್ತು ವರ್ಷದ ಮೇಲೆ ನೇರವಾಗಿ ಮುಖಕ್ಕೆ ಮುಖ, ಅವಳು ನಿಲ್ಲಿಸಲಿಲ್ಲ, ಸಿಟ್ಟನ್ನು ಹೇಗೆ ನೋಡುವುದು ಹೇಳಿದಳು, ನೋವಿನ ಮೊದಲು ಕೊನೆ ಹೇಳಿದಳು, ಸೂಜಿಯನ್ನು ಹೇಳಿದಳು, ಮಾತು ತಾನಾಗಿ ಬರುತ್ತಿತ್ತು, ಎಷ್ಟು ಆಡಿದರೂ ಒಳಗೆ ಅಷ್ಟೇ ಇತ್ತು, ಇದೆಂಥ ಸೋಜಿಗ, ನಿಮ್ಮ ಮಂಡಿ ಈಗ ನೋಯ್ತಿದೆಯಲ್ಲ, ಅಲ್ಲೇ ನೋಡಿ, ಎಂದಾಗ ಮುದುಕಿಯ ಕಣ್ಣು ಮುಚ್ಚಿಕೊಂಡವು, ಗಂಡಸರ ಸಾಲಿನಲ್ಲಿ ಒಬ್ಬ ಮಡಚಿದ್ದ ಕಾಲು ಚಾಚಹೊರಟವನು ಹಾಗೇ ನಿಲ್ಲಿಸಿದ, ಓನ್ ಮೇ ನಕ್ಕದ್ದನ್ನು ಹೇಳಿದಳು, ಅವರೂ ನಕ್ಕರು, ನೋಡುತ್ತಿರುವವಳೂ ಹೋಗುತ್ತಾಳೆ ಎಂದದ್ದನ್ನು ಹೇಳಿದಳು, ಯಾರೂ ನಗಲಿಲ್ಲ, ಸಯಾಡೋ ಕಣ್ಣು ಒರೆಸಿಕೊಂಡರೋ, ಕನ್ನಡಕವನ್ನೋ. ಕೊನೆಯ ದಿನ ಹೇಗಿತ್ತಮ್ಮ, ಕೂಗಿದ್ಳಾ, ಕೇಳಿದಳು ಮುದುಕಿ, ಕಣ್ಣು ಮುಚ್ಚಿಕೊಂಡೇ, ದನಿಯಲ್ಲಿ ಕುಹಕವಿಲ್ಲ, ತನಗೂ ಬರಲಿರುವುದನ್ನು ಕೇಳುವವರ ದನಿ. ಕೂಗಲಿಲ್ಲ ಅಜ್ಜಿ. ಬೆಳಗ್ಗೆ, ಭಿಕ್ಷುಗಳು ಭಿಕ್ಷೆಗೆ ಹೋಗಿಬಂದ ಹೊತ್ತು, ಕಿಟಕಿಯಿಂದ ಎಳೆಬಿಸಿಲು ಚಾಪೆಯ ಮೇಲೆ ಓರೆಯಾಗಿ ಬಿದ್ದಿತ್ತು, ನಾನು ಏನೂ ಹೇಳ್ತಿರ್ಲಿಲ್ಲ, ಹೇಳೋದು ಉಳಿದಿರ್ಲಿಲ್ಲ, ಉಸಿರು ದೂರ ದೂರ ಆಗ್ತಾ ಇತ್ತು, ಒಂದು ಹೋಗತ್ತೆ, ಬೆರಳು ಏಳತ್ತೆ, ಇಳಿಯತ್ತೆ, ನಾನು ಕಾಯ್ತೀನಿ, ಇನ್ನೊಂದು ಬರತ್ತೆ, ಹೋಗತ್ತೆ, ಬೆರಳು ಏಳತ್ತೆ, ಇಳಿಯತ್ತೆ — ಆಮೇಲೆ ಒಂದು ಹೋಯ್ತು, ಬೆರಳು ಎದ್ದಿತು, ಚಾಪೆಯಿಂದ ಒಂದು ಭತ್ತದ ಕಾಳಿನಷ್ಟು ಮೇಲೆ — ಮ್ಯ ಯಿನ್‌ಳ ಮಾತು ಅಲ್ಲಿ ನಿಂತಿತು, ಅವಳು ಅಂದೂ ಅಲ್ಲೇ ನಿಂತಿದ್ದಳು, ಕಾಯುತ್ತ, ಇಳಿಯುತ್ತದೆ ಎಂದು, ಬಿಸಿಲು ಸರಿಯಿತು, ಸಾನ್ ಲ್ವಿನ್ ಬಂದು ಮೂಗಿನ ಬಳಿ ಕೈಯಿಟ್ಟು ನೋಡಿ ಹೊರಗೆ ಹೋಗಿ ಅತ್ತ, ಅವಳು ಇಳಿಯದ ಬೆರಳನ್ನೇ ನೋಡುತ್ತಿದ್ದಳು, ಹೋಯಿತು ಎಂದು ಕಂಡವರು ಯಾರು, ಎತ್ತಿದವರು ಯಾರು, ಇಳಿಸಬೇಕಾದವರು — ಆಮೇಲೆ, ಎನ್ನುತ್ತಾಳೆ ಮುದುಕಿ, ಆಮೇಲೇನಾಯ್ತು ಹೇಳಮ್ಮ — ಬೆರಳು ಎದ್ದಿತು — ಆಮೇಲೆ — ಬೆರಳು, ಚಾಪೆ, ನಡುವೆ ಒಂದು ಭತ್ತದ ಕಾಳಿನಷ್ಟು ಬೆಳಕು